ತಂತಿ ಇಂಟರ್‌ನೆಟ್‌ನ ಅಸ್ಥಿರತೆ ಮತ್ತು ದೋಷಶೋಧನೆ

ಕೇಬಲ್ ಮೂಲಕ ಮನೆಯ ಕಂಪ್ಯೂಟರಿಗೆ ಬರುವ ಇಂಟರ್‌ನೆಟ್ ಪೂರ್ತಿ ನಿಲ್ಲದೆ, ಹೋಗಿ ಬಂದು ಮಾಡುವ ಸ್ಥಿತಿಯೇ ಸಂಪರ್ಕದ ಅಸ್ಥಿರತೆ. ಪೂರ್ತಿ ನಿಂತ ಸಂಪರ್ಕವನ್ನು ಸರಿಪಡಿಸುವುದು ಅಷ್ಟು ಕಷ್ಟವಲ್ಲ, ದೋಷ ಕಣ್ಣೆದುರಿಗೇ ಇರುತ್ತದೆ. ಹೋಗಿ ಬರುವ ಸಂಪರ್ಕದ್ದು ಬೇರೆ ಕಥೆ. ರಿಪೇರಿಯವರು ಬಂದಾಗ ಎಲ್ಲ ಸರಿಯಿರುತ್ತದೆ, ಅವರು ಬೈಕ್ ಹತ್ತಿದ ಮೇಲೆ ಮತ್ತೆ ಕೈಕೊಡುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ಈ ನಾಲ್ಕು ತಾಲ್ಲೂಕುಗಳು ಸೇರಿ ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗ. ಇಲ್ಲಿ ಹೇಳಹೊರಟಿರುವುದು ಈ ಸೀಮೆಯ ಹಳ್ಳಿಗಳ ಸಂಪರ್ಕದ ಬಗ್ಗೆ. ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರು. ಸುತ್ತ ಕಬ್ಬು, ಭತ್ತದ ಗದ್ದೆ, ತೆಂಗು, ಪಂಪ್‌ಸೆಟ್. ಕಂಬದಿಂದ ಕಂಬಕ್ಕೆ ಎಳೆದ ಕಪ್ಪು ಕೇಬಲ್ಲು ಹೊಲದ ಬದಿಯಲ್ಲೇ ಹಾದು ಮನೆ ಸೇರುತ್ತದೆ. ಇಂಥ ಸೀಮೆಯಲ್ಲಿ ಸಂಪರ್ಕ ಏರುಪೇರಾಗುವ ಕಾರಣಗಳು ಬೆಂಗಳೂರಿನ ಅಪಾರ್ಟ್‌ಮೆಂಟಿನ ಕಾರಣಗಳೇ ಅಲ್ಲ. ಪುಸ್ತಕಗಳು ಹೇಳುವ ದೋಷಶೋಧನೆಯ ಕ್ರಮ ಸಾಮಾನ್ಯವಾಗಿ ನಗರದ್ದು. ಅದು ಕಂಪ್ಯೂಟರಿನ ಸೆಟ್ಟಿಂಗಿನಿಂದ ಶುರುವಾಗುತ್ತದೆ. ಇಲ್ಲಿ ಶುರು ಮಾಡಬೇಕಾದದ್ದು ಗಡಿಯಾರದಿಂದ. ನೆಟ್ ಯಾಕೆ ಹೋಗುತ್ತದೆ ಎಂದು ಕೇಳುವ ಮೊದಲು ಯಾವಾಗ ಹೋಗುತ್ತದೆ ಎಂದು ಬರೆದಿಟ್ಟುಕೊಂಡವರಿಗೆ ಅರ್ಧ ಕೆಲಸ ಮುಗಿದಂತೆಯೇ.

ಹಿನ್ನೆಲೆ

ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಆಗ ಅದು ದೂರವಾಣಿ ಮೂಲಕ ಡಯಲ್ ಮಾಡಿ ಪಡೆಯುವ ಸಂಪರ್ಕ. 2000ದ ಅಕ್ಟೋಬರ್ 1ರಂದು ಬಿಎಸ್‌ಎನ್‌ಎಲ್ ಕೆಲಸ ಶುರು ಮಾಡಿತು. 2005ರಲ್ಲಿ ಅದರ ಬ್ರಾಡ್‌ಬ್ಯಾಂಡ್ ಬಂದ ಮೇಲೆ ತಾಲ್ಲೂಕು ಕೇಂದ್ರಗಳಲ್ಲಿ, ಆಮೇಲೆ ಹೋಬಳಿಗಳ ಎಕ್ಸ್‌ಚೇಂಜುಗಳಲ್ಲಿ ತಾಮ್ರದ ತಂತಿಯ ಮೇಲೆಯೇ ಇಂಟರ್‌ನೆಟ್ ಹರಿಯತೊಡಗಿತು. 2004ರ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ಬಂದರೆ ಅದು ಬ್ರಾಡ್‌ಬ್ಯಾಂಡ್. 2013ರಲ್ಲಿ ಈ ಮಿತಿ 512ಕ್ಕೆ ಏರಿತು, 2023ರಲ್ಲಿ 2 ಮೆಗಾಬಿಟ್ ಆಯಿತು.

ತಾಮ್ರದ ಕಾಲದ ದೋಷಗಳಿಗೆ ಒಂದು ಸ್ಪಷ್ಟತೆ ಇತ್ತು. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟಿದರೆ ಸಂಕೇತ ಸೊರಗುತ್ತಿತ್ತು. ಮಳೆ ಬಂದು ಜಾಯಿಂಟಿನೊಳಗೆ ನೀರು ಇಳಿದರೆ ಫೋನಿನಲ್ಲಿ ಗೊರಗೊರ ಸದ್ದು, ಅದರ ಬೆನ್ನಿಗೇ ನೆಟ್ ಕಡಿತ. ರಿಸೀವರ್ ಎತ್ತಿ ಕಿವಿಗೊಟ್ಟರೆ ಅರ್ಧ ರೋಗನಿದಾನ ಆಗುತ್ತಿತ್ತು. ಮೋಡೆಮ್‌ನ ಪುಟದಲ್ಲಿ ಶಬ್ದದ ಅಂಚು 6 ಡೆಸಿಬೆಲ್‌ಗಿಂತ ಕೆಳಗಿದ್ದರೆ ಸಂಪರ್ಕ ಸ್ಥಿರವಾಗಿರುವುದಿಲ್ಲ ಎಂದು ಹೇಳಿಬಿಡಬಹುದಿತ್ತು. ಈಗಿನ ಫೈಬರ್, ಅಂದರೆ ಗಾಜಿನ ಎಳೆ, ಸದ್ದು ಮಾಡುವುದಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಮುಂದೆ ಅದೇ ಭಾರತ್‌ನೆಟ್ ಆಯಿತು. 2016ರಲ್ಲಿ ಅಗ್ಗದ 4ಜಿ ಬಂದು ಹಳ್ಳಿಗಳಲ್ಲಿ ತಂತಿ ಸಂಪರ್ಕವೇ ಬೇಡ ಎನ್ನುವಂತಾಗಿತ್ತು. 2020ರ ಲಾಕ್‌ಡೌನಿನಲ್ಲಿ ಮಕ್ಕಳ ಪಾಠ, ಊರಿಗೆ ಮರಳಿದವರ ಕಚೇರಿ ಕೆಲಸ ಎಲ್ಲವೂ ಮನೆಗೆ ಬಂದಾಗ ಫೈಬರ್‌ಗೆ ಬೇಡಿಕೆ ಹುಟ್ಟಿತು. ಹಳ್ಳಿಗಳಲ್ಲಿ ಈಗ ಬಿಎಸ್‌ಎನ್‌ಎಲ್ ಫೈಬರ್‌ನ ಕೊನೆಯ ತುಂಡನ್ನು ಮನೆ ಮುಟ್ಟಿಸುವವರು ಬಹಳ ಕಡೆ ಸ್ಥಳೀಯ ಕೇಬಲ್‌ನವರೇ.

ಸರಪಳಿ ಮತ್ತು ಸಮಯ

ಮನೆಯ ಕಂಪ್ಯೂಟರಿನಿಂದ ಹೊರಟರೆ ದಾರಿ ಹೀಗಿದೆ: ಕಂಪ್ಯೂಟರಿನ ಲ್ಯಾನ್ ಪೋರ್ಟು, ಲ್ಯಾನ್ ಕೇಬಲ್ಲು, ರೂಟರ್ ಅಥವಾ ಫೈಬರ್ ಬಾಕ್ಸು, ಗೋಡೆಯಿಂದ ಕಂಬದವರೆಗಿನ ಡ್ರಾಪ್ ವೈರು, ಕಂಬದ ಮೇಲಿನ ಸ್ಪ್ಲಿಟರ್, ಅಲ್ಲಿಂದ ಎಕ್ಸ್‌ಚೇಂಜು ಅಥವಾ ಕೇಬಲ್ ಅಂಗಡಿಯಲ್ಲಿರುವ ಮುಖ್ಯ ಯಂತ್ರ, ಆಮೇಲೆ ಹೊರಜಗತ್ತು. ಇದರಲ್ಲಿ ಯಾವ ಕೊಂಡಿ ಸಡಿಲವಾದರೂ ಮನೆಯಲ್ಲಿ ಕಾಣುವ ಲಕ್ಷಣ ಒಂದೇ: ವೀಡಿಯೊ ನಿಂತು ಚಕ್ರ ಸುತ್ತುತ್ತದೆ. ಅದಕ್ಕೇ ಲಕ್ಷಣ ನೋಡಿ ಮದ್ದು ಕೊಡುವುದು ಇಲ್ಲಿ ನಡೆಯುವುದಿಲ್ಲ.

ಸಮಯ ಮಾತ್ರ ಕೊಂಡಿಯ ಹೆಸರನ್ನು ಹೇಳುತ್ತದೆ. ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕೊಡುವ ಮತ್ತು ತೆಗೆಯುವ ಹೊತ್ತಿಗೆ ಸರಿಯಾಗಿ ನೆಟ್ ಹೋಗಿ ಎರಡು ಮೂರು ನಿಮಿಷದಲ್ಲಿ ಬಂದರೆ ವಿದ್ಯುತ್ತಿನ ಏರಿಳಿತಕ್ಕೆ ರೂಟರ್ ಮರುಚಾಲನೆಯಾಗುತ್ತಿದೆ ಎಂದರ್ಥ. ಗಾಳಿ ಬೀಸಿದಾಗ ಹೋದರೆ ಕಂಬದ ಕಡೆಯ ತೊಂದರೆ. ಸಂಜೆ ಏಳರಿಂದ ಹತ್ತರವರೆಗೆ ನಿಧಾನವಾಗಿ ರಾತ್ರಿ ಹನ್ನೊಂದರ ಮೇಲೆ ಸರಿಹೋದರೆ ಊರಿನವರೆಲ್ಲ ಒಟ್ಟಿಗೆ ಬಳಸುವುದರಿಂದಾದ ದಟ್ಟಣೆ. ಅದಕ್ಕೆ ಮನೆಯೊಳಗೆ ಮದ್ದಿಲ್ಲ. ಕಂಪ್ಯೂಟರನ್ನು ಸ್ವಲ್ಪ ಹೊತ್ತು ಮುಟ್ಟದೆ ಬಿಟ್ಟು ಮತ್ತೆ ಕುಳಿತಾಗಲೆಲ್ಲ ಸಂಪರ್ಕ ಇರುವುದಿಲ್ಲ ಎಂದಾದರೆ ಕಂಪ್ಯೂಟರೇ ಲ್ಯಾನ್ ಪೋರ್ಟನ್ನು ನಿದ್ದೆಗೆ ಕಳಿಸುತ್ತಿದೆ.

ಇಷ್ಟೆಲ್ಲ ಗಮನಿಸುವ ಮೊದಲೇ ಬಾಕ್ಸನ್ನು ಆಫ್ ಮಾಡಿ ಆನ್ ಮಾಡುವುದು ನಮ್ಮಲ್ಲಿ ಕೈಗೆ ಹತ್ತಿದ ಅಭ್ಯಾಸ. ಗ್ರಾಹಕ ಸೇವೆಯವರು ಹೇಳುವ ಮೊದಲ ಮಾತೂ ಅದೇ. ಅದರಿಂದ ಕೆಲವೊಮ್ಮೆ ಕೆಲಸವಾಗುತ್ತದೆ ನಿಜ. ಆದರೆ ಬಾಕ್ಸಿನ ಒಳಗೆ ದಾಖಲಾಗಿದ್ದ ಸಾಕ್ಷ್ಯವೂ ಅದರ ಜೊತೆಗೇ ಅಳಿಸಿಹೋಗುತ್ತದೆ. ಸ್ವಿಚ್ಚಿಗೆ ಕೈ ಹಾಕುವ ಮೊದಲು ರೂಟರಿನ ಒಳಪುಟವನ್ನು ತೆರೆದು ನೋಡಬೇಕು. ಅದರ ವಿಳಾಸ ಸಾಮಾನ್ಯವಾಗಿ 192.168.1.1. ಅಲ್ಲಿ ಬಹುತೇಕ ಬಾಕ್ಸುಗಳು ಮೂರು ಬೇರೆ ಬೇರೆ ಅವಧಿಗಳನ್ನು ತೋರಿಸುತ್ತವೆ: ಬಾಕ್ಸ್ ಚಾಲೂ ಆಗಿ ಎಷ್ಟು ಹೊತ್ತಾಯಿತು, ಫೈಬರ್ ಕೊಂಡಿ ಕೂಡಿ ಎಷ್ಟು ಹೊತ್ತಾಯಿತು, ಕಂಪನಿಯ ಸರ್ವರಿನಲ್ಲಿ ಲಾಗಿನ್ ಆಗಿ ಎಷ್ಟು ಹೊತ್ತಾಯಿತು. ಮೊದಲನೆಯದೇ ಹತ್ತು ನಿಮಿಷ ಎಂದಿದ್ದರೆ ಕರೆಂಟಿನ ಅಥವಾ ಅಡಾಪ್ಟರಿನ ದೋಷ. ಬಾಕ್ಸ್ ಮೂರು ದಿನದಿಂದ ಚಾಲೂ ಇದ್ದು ಫೈಬರ್ ಮಾತ್ರ ಹತ್ತು ನಿಮಿಷದ್ದಾದರೆ ಹೊರಗಿನ ಎಳೆಯ ದೋಷ. ಎರಡೂ ಮೂರು ದಿನದ್ದಾಗಿ ಲಾಗಿನ್ ಮಾತ್ರ ಹತ್ತು ನಿಮಿಷದ್ದಾದರೆ ಕಂಪನಿಯ ಕಡೆಯ ತೊಂದರೆ. ಮೂರಕ್ಕೆ ಮೂರೂ ದಿನಗಟ್ಟಲೆ ಸ್ಥಿರವಾಗಿದ್ದು ನೆಟ್ ಹೋಗುತ್ತಿದ್ದರೆ ಮನೆಯೊಳಗೇ ಹುಡುಕಬೇಕು. ಈ ಒಂದು ಪುಟ ಉಳಿಸುವಷ್ಟು ಅಲೆದಾಟವನ್ನು ಬೇರಾವ ಪರೀಕ್ಷೆಯೂ ಉಳಿಸುವುದಿಲ್ಲ.

ಪಿಂಗ್ ಪರೀಕ್ಷೆ

1983ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಎಂಬಾತ ಬರೆದ ಪಿಂಗ್ ಎಂಬ ಪುಟ್ಟ ಪ್ರೋಗ್ರಾಮು ಇಂದಿಗೂ ಎಲ್ಲ ಕಂಪ್ಯೂಟರುಗಳಲ್ಲೂ ಇದೆ. ಒಂದು ವಿಳಾಸಕ್ಕೆ ಸಣ್ಣ ಪೊಟ್ಟಣ ಕಳಿಸಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವುದಷ್ಟೇ ಅದರ ಕೆಲಸ. ಕಮಾಂಡ್ ಪ್ರಾಂಪ್ಟಿನ ಎರಡು ಕಪ್ಪು ಕಿಟಕಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ, ಇನ್ನೊಂದರಲ್ಲಿ ಹೊರಗಿನ 8.8.8.8ಕ್ಕೆ ಬಿಡುವಿಲ್ಲದೆ ಪಿಂಗ್ ಹೋಗುವಂತೆ ಮಾಡಿ, ಸಂಪರ್ಕ ಕಡಿಯುವವರೆಗೂ ಬಿಡಬೇಕು. ಕಡಿದಾಗ ಎರಡೂ ನಿಂತರೆ ದೋಷ ಕಂಪ್ಯೂಟರಿಗೂ ರೂಟರಿಗೂ ನಡುವೆ. ರೂಟರ್ ಉತ್ತರಿಸುತ್ತಿದ್ದು ಹೊರಗಿನದು ಮಾತ್ರ ನಿಂತರೆ ರೂಟರಿನಿಂದಾಚೆ. ಎರಡೂ ಉತ್ತರಿಸುತ್ತಿದ್ದು ವೆಬ್‌ಸೈಟ್ ಮಾತ್ರ ತೆರೆಯದಿದ್ದರೆ ಹೆಸರನ್ನು ವಿಳಾಸಕ್ಕೆ ಬದಲಿಸಿಕೊಡುವ ಡಿಎನ್‌ಎಸ್ ಕೆಟ್ಟಿದೆ. ಆಗ ಕಂಪ್ಯೂಟರಿನಲ್ಲಿ 8.8.8.8 ಅಥವಾ 1.1.1.1 ಎಂದು ಡಿಎನ್‌ಎಸ್ ಬದಲಾಯಿಸಿದರೆ ಸಾಕು.

ಕೇಬಲ್ಲಿನಲ್ಲಿ ರೂಟರಿಗೆ ಪಿಂಗ್ ಉತ್ತರ ಒಂದು ಮಿಲಿಸೆಕೆಂಡಿನೊಳಗೆ ಬರಬೇಕು. ಅಲ್ಲೇ ನಡುನಡುವೆ ಉತ್ತರ ತಪ್ಪುತ್ತಿದ್ದರೆ ಕಂಪನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಇನ್ನೊಂದು ಎಚ್ಚರ: ದಾರಿಯ ಒಂದೊಂದು ನಿಲ್ದಾಣವನ್ನೂ ತೋರಿಸುವ ಟ್ರೇಸ್ ಪರೀಕ್ಷೆಯಲ್ಲಿ ನಡುವಿನ ಒಂದು ಯಂತ್ರ ಉತ್ತರ ಕೊಡದೆ ನಕ್ಷತ್ರ ಚಿಹ್ನೆ ಮೂಡಿದರೆ ಗಾಬರಿಪಡಬೇಕಿಲ್ಲ. ಅದರ ಮುಂದಿನವು ಸರಿಯಾಗಿ ಉತ್ತರಿಸುತ್ತಿದ್ದರೆ ಆ ಯಂತ್ರ ಪಿಂಗಿಗೆ ಉತ್ತರ ಕೊಡುವ ಗೋಜಿಗೆ ಹೋಗುತ್ತಿಲ್ಲ ಅಷ್ಟೆ.

ಲ್ಯಾನ್ ಕೇಬಲ್ಲು

ಈಥರ್‌ನೆಟ್ ಹುಟ್ಟಿದ್ದು 1973ರಲ್ಲಿ, ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ. ಈಗ ಮನೆಗಳಲ್ಲಿರುವ ಗಿಗಾಬಿಟ್ ರೂಪ 1999ರದು. ನೀಲಿಯೋ ಬೂದಿಯೋ ಬಣ್ಣದ ಕೇಬಲ್ಲಿನೊಳಗೆ ಎಂಟು ತಂತಿ, ಅಂದರೆ ಕಿತ್ತಳೆ, ಹಸಿರು, ನೀಲಿ, ಕಂದು ಬಣ್ಣದ ನಾಲ್ಕು ಜೋಡಿ. ಪ್ರತಿ ಜೋಡಿಯನ್ನೂ ಒಂದಕ್ಕೊಂದು ಹೊಸೆದಿರುತ್ತಾರೆ. ಸೆಕೆಂಡಿಗೆ 100 ಮೆಗಾಬಿಟ್‌ಗೆ ಎರಡು ಜೋಡಿ ಸಾಕು, 1000ಕ್ಕೆ ನಾಲ್ಕೂ ಬೇಕು. ಪತ್ತೆದಾರಿಕೆಗೆ ಇದು ದೊಡ್ಡ ಸುಳಿವು. ಕಂಪ್ಯೂಟರಿನ ನೆಟ್‌ವರ್ಕ್ ವಿವರದಲ್ಲಿ ಕೊಂಡಿಯ ವೇಗ ಒಮ್ಮೆ 1000, ಒಮ್ಮೆ 100 ಎಂದು ತೋರಿಸುತ್ತಿದ್ದರೆ ನೀಲಿ ಅಥವಾ ಕಂದು ಜೋಡಿಯ ಒಂದು ತಂತಿ ತುದಿಯಲ್ಲಿ ಸಡಿಲವಾಗಿರುವುದು ಹೆಚ್ಚುಕಡಿಮೆ ಖಚಿತ. ವೇಗ ಬದಲಾಗುವಾಗಲೆಲ್ಲ ಎರಡು ಮೂರು ಸೆಕೆಂಡು ಸಂಪರ್ಕ ಕಡಿಯುತ್ತದೆ. ಬಳಸುವವರಿಗೆ ಕಾಣುವುದು ಆ ಕಡಿತ ಮಾತ್ರ.

ತಪ್ಪು ಸಾಮಾನ್ಯವಾಗಿ ಆಗುವುದು ತುದಿಗೆ ಪ್ಲಗ್ ಕೂರಿಸುವಾಗ, ಅಂದರೆ ಕ್ರಿಂಪ್ ಮಾಡುವಾಗ. ಪ್ರಚಲಿತ ಕ್ರಮ ಹೀಗಿದೆ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ ಒಡೆದು ನಡುವೆ ನೀಲಿ ಜೋಡಿ ಕೂರುವುದು ನೋಡಲು ವಿಚಿತ್ರ. ಹಾಗಾಗಿ ಗೊತ್ತಿಲ್ಲದವರು ಬಣ್ಣಕ್ಕೆ ಬಣ್ಣ ಸೇರಿಸಿ ಕಿತ್ತಳೆ, ಹಸಿರು, ನೀಲಿ, ಕಂದು ಎಂದು ಸಾಲಾಗಿ ಜೋಡಿಸಿಬಿಡುತ್ತಾರೆ. ಎರಡೂ ತುದಿಯಲ್ಲಿ ಒಂದೇ ಥರ ಇದ್ದರೆ ಅಗ್ಗದ ಟೆಸ್ಟರಿನಲ್ಲಿ ಎಂಟೂ ದೀಪ ಸಾಲಾಗಿ ಹತ್ತುತ್ತವೆ, ಅಂಗಡಿಯವನು ಸರಿಯಿದೆ ಎನ್ನುತ್ತಾನೆ. ಆದರೆ ಮೂರನೆಯ ಮತ್ತು ಆರನೆಯ ಕಾಲುಗಳು ಈಗ ಒಂದಕ್ಕೊಂದು ಹೊಸೆದ ಜೋಡಿಯಲ್ಲ, ಬೇರೆ ಬೇರೆ ಜೋಡಿಯ ತಂತಿಗಳು. ಹೊಸೆದದ್ದರಿಂದ ಸಿಗಬೇಕಾದ ರಕ್ಷಣೆ ಇಲ್ಲವಾಗಿ ಸಂಕೇತಗಳು ಪಕ್ಕದ ತಂತಿಗೆ ಸೋರುತ್ತವೆ. ಎರಡಡಿ ಕೇಬಲ್ಲಿನಲ್ಲಿ ನಡೆದದ್ದು ಮಹಡಿಗೆ ಎಳೆದ ಎಪ್ಪತ್ತು ಅಡಿಯಲ್ಲಿ ನಡೆಯುವುದಿಲ್ಲ. ಪ್ಲಗ್ಗಿನ ಪಾರದರ್ಶಕ ಮೂತಿಯನ್ನು ಬೆಳಕಿಗೆ ಹಿಡಿದು ಬಣ್ಣದ ಸಾಲನ್ನು ಓದಿದರೆ ಟೆಸ್ಟರಿಗಿಂತ ಚೆನ್ನಾಗಿ ತಿಳಿಯುತ್ತದೆ. ಅದೇ ನೋಟದಲ್ಲಿ ಇನ್ನೆರಡು ವಿಷಯ ನೋಡಬಹುದು. ಎಂಟೂ ತಂತಿಯ ತುದಿ ಪ್ಲಗ್ಗಿನ ಎದುರು ಗೋಡೆಗೆ ತಾಗಿದೆಯೇ? ಹೊರಕವಚ ಪ್ಲಗ್ಗಿನೊಳಗೆ ಸಿಕ್ಕಿಕೊಂಡಿದೆಯೇ? ಜೋಡಿಯ ಹೊಸೆತ ಬಿಚ್ಚಿದ್ದು ಅರ್ಧ ಇಂಚು ಮೀರಬಾರದು.

ಕಡಿಮೆ ಬೆಲೆಯ ಕೇಬಲ್ಲಿನಲ್ಲಿ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಇರುತ್ತದೆ. ಚಾಕುವಿನಿಂದ ಕೆರೆದರೆ ಒಳಗೆ ಬೆಳ್ಳಗೆ ಕಾಣುತ್ತದೆ. ನಾಲ್ಕು ಸಲ ಬಗ್ಗಿಸಿದರೆ ಒಳಗೇ ಮುರಿದು, ಮುಟ್ಟಿದಾಗ ಕೂಡಿ ಬಿಟ್ಟಾಗ ಬಿಡುತ್ತದೆ. ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿದ್ದರೆ ಕಸ ಗುಡಿಸುವಾಗ ಪೊರಕೆ ತಾಗಿದ್ದೇ ನೆಪವಾಗಿ ಸಂಪರ್ಕ ಕಡಿಯುತ್ತದೆ. ಹಂಚಿನ ಮನೆಗಳ ಅಟ್ಟದಲ್ಲಿ ಇಲಿ ಕಡಿದ ಗುರುತು ಹುಡುಕಬೇಕು. ಕರೆಂಟ್ ವೈರಿನ ಪೈಪಿನಲ್ಲೇ ಲ್ಯಾನ್ ಕೇಬಲ್ ತೂರಿಸುವುದು ಗದ್ದಲಕ್ಕೂ ಅಪಾಯಕ್ಕೂ ದಾರಿ. ಕೇಬಲ್ಲಿನ ಗರಿಷ್ಠ ಉದ್ದ 100 ಮೀಟರ್. ತೋಟದ ಮನೆಗೆ ಎಳೆಯುವವರು ಈ ಲೆಕ್ಕ ಮರೆಯುತ್ತಾರೆ.

ಇನ್ನೂ ಒಂದು ಎಡವಟ್ಟು ಹಳೆಯ ರೂಟರನ್ನು ಹೊಸದರ ಜೊತೆ ಸೇರಿಸಿದಾಗ ಆಗುತ್ತದೆ. ಎರಡೂ 192.168.1.1 ಎಂದು ಕುಳಿತು, ಎರಡೂ ಕಂಪ್ಯೂಟರಿಗೆ ವಿಳಾಸ ಹಂಚತೊಡಗುತ್ತವೆ. ಯಾವುದು ಮೊದಲು ಉತ್ತರ ಕೊಟ್ಟಿತೋ ಅದರ ಮೇಲೆ ಆ ದಿನದ ನೆಟ್. ಹಳೆಯದರಲ್ಲಿ ವಿಳಾಸ ಹಂಚಿಕೆ ನಿಲ್ಲಿಸಿ, ಅದರ ಸ್ವಂತ ವಿಳಾಸ ಬದಲಿಸಿದರೆ ಜಗಳ ಮುಗಿಯಿತು. ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ ಯಾವ ರೂಟರೂ ಅದಕ್ಕೆ ವಿಳಾಸ ಕೊಟ್ಟಿಲ್ಲ, ಅದೇ ಒಂದನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು.

ಕಂಪ್ಯೂಟರಿನೊಳಗೆ

ಕಂಪ್ಯೂಟರನ್ನು ಅನುಮಾನಿಸುವ ಮೊದಲು ಅದೇ ಕೇಬಲ್ಲಿಗೆ ಇನ್ನೊಂದು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡುವುದು ವಾಸಿ. ಅದರಲ್ಲಿ ಸರಿಯಿದ್ದರೆ ಮಾತ್ರ ಈ ಕಡೆ ಬರಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರಿನಲ್ಲಿ ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅನುಮತಿಯ ಗುರುತನ್ನು ತೆಗೆಯಬೇಕು. 2010ರಲ್ಲಿ ಬಂದ ವಿದ್ಯುತ್ ಉಳಿತಾಯದ ಈಥರ್‌ನೆಟ್ ವ್ಯವಸ್ಥೆಯೂ ಕೆಲವು ಹಳೆಯ ರೂಟರುಗಳ ಜೊತೆ ಹೊಂದುವುದಿಲ್ಲ, ಅದನ್ನೂ ನಿಲ್ಲಿಸಿ ನೋಡಬಹುದು. ಚಿಪ್ಪಿನಲ್ಲೇ ದೋಷವಿದ್ದ ಉದಾಹರಣೆಯೂ ಇದೆ. ಇಂಟೆಲ್‌ನ ಐ225-ವಿ ಎಂಬ ಈಥರ್‌ನೆಟ್ ಚಿಪ್ಪಿನ ಮೊದಲ ಆವೃತ್ತಿಯಲ್ಲಿ 2.5 ಗಿಗಾಬಿಟ್ ವೇಗದಲ್ಲಿ ಪೊಟ್ಟಣಗಳು ಕಳೆಯುವ ತೊಂದರೆ 2020ರಲ್ಲಿ ಬೆಳಕಿಗೆ ಬಂತು. ವೇಗವನ್ನು 1 ಗಿಗಾಬಿಟ್‌ಗೆ ಇಳಿಸುವುದೇ ಆಗ ಬಳಕೆದಾರರಿಗೆ ಉಳಿದ ಉಪಾಯ. ಉಳಿದಂತೆ ವೇಗವನ್ನು ಕೈಯಾರೆ ನಿಗದಿ ಮಾಡಬಾರದು. ಒಂದು ತುದಿ ನಿಗದಿತ, ಇನ್ನೊಂದು ತುದಿ ಸ್ವಯಂಚಾಲಿತ ಎಂದಾದರೆ ಹೊಂದಾಣಿಕೆ ತಪ್ಪಿ, ಕೊಂಡಿ ಇದ್ದೂ ತೆವಳುತ್ತದೆ.

ಮೊಬೈಲಿನ ಫೋಟೊಗಳೆಲ್ಲ ಹಿನ್ನೆಲೆಯಲ್ಲಿ ಮೇಲೇರುತ್ತಿರುವಾಗ ಪಿಂಗ್ ಸಮಯ ಹತ್ತಾರು ಪಟ್ಟು ಜಿಗಿಯುತ್ತದೆ. ರೂಟರಿನ ಸರತಿಯಲ್ಲಿ ಪೊಟ್ಟಣಗಳು ತುಂಬಿ ನಿಲ್ಲುವ ಈ ತೊಂದರೆ ಕಡಿತವಲ್ಲ. ಆದರೂ ವೀಡಿಯೊ ಕರೆಯಲ್ಲಿರುವವರಿಗೆ ಕಡಿತದಂತೆಯೇ ಅನ್ನಿಸುತ್ತದೆ.

ಫೈಬರ್ ಮತ್ತು ಕಂಬ

ಮನೆ ಫೈಬರಿನ ಪ್ರಚಲಿತ ವ್ಯವಸ್ಥೆ ಜಿಪಾನ್. ಅದರಲ್ಲಿ ಒಂದೇ ಎಳೆಯನ್ನು ಸ್ಪ್ಲಿಟರ್ ಮೂಲಕ 8, 16 ಅಥವಾ 32 ಮನೆಗಳಿಗೆ ಹಂಚುತ್ತಾರೆ. ಕೆಳಮುಖದ ಬೆಳಕು 1490 ನ್ಯಾನೊಮೀಟರ್, ಮೇಲ್ಮುಖದ್ದು 1310. ಬೆಳಕಿನ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ. 3 ಇಳಿದರೆ ಬಲ ಅರ್ಧವಾಯಿತೆಂದು ಲೆಕ್ಕ. ರೂಟರಿನ ಪುಟದಲ್ಲಿ ಈ ಅಂಕಿ -18ರಿಂದ -24ರೊಳಗೆ ಇದ್ದರೆ ಚಿಂತೆಯಿಲ್ಲ, -27ರ ಸುತ್ತ ಇದ್ದರೆ ಅಂಚಿನಲ್ಲಿದೆ. ಬೆಳಿಗ್ಗೆ -25 ಇದ್ದದ್ದು ಮಧ್ಯಾಹ್ನದ ಬಿಸಿಲಿಗೆ -28ಕ್ಕೆ ಜಾರಿದರೆ ಎಲ್‌ಓಎಸ್ ಎಂಬ ಕೆಂಪು ದೀಪ ಮಿನುಗುತ್ತದೆ.

ದೂರ ಇಲ್ಲಿ ಅಪರಾಧಿ ಅಲ್ಲ. ಐದು ಕಿಲೋಮೀಟರ್ ಗಾಜಿನಲ್ಲಿ ಕಳೆದುಹೋಗುವುದು 2 ಡೆಸಿಬೆಲ್‌ಗಿಂತ ಕಡಿಮೆ. ಕಿಟಕಿಯ ಸರಳಿಗೆ ಮಡಚಿ ಕಟ್ಟಿದ ಒಂದು ಬಾಗು ಅದಕ್ಕಿಂತ ಹೆಚ್ಚು ನುಂಗಬಲ್ಲದು. ಹಸಿರು ಮೂತಿಯ ಕನೆಕ್ಟರಿಗೆ ನೀಲಿ ಮೂತಿಯದನ್ನು ಸೇರಿಸಿದರೂ ಹಾಗೆಯೇ. ಒಂದರ ತುದಿ ಓರೆ, ಇನ್ನೊಂದರದು ನೇರ. ಕಬ್ಬು ಅರೆಯುವ ಹಂಗಾಮಿನಲ್ಲಿ ಎತ್ತರಕ್ಕೆ ಹೇರಿದ ಟ್ರ್ಯಾಕ್ಟರು ಜೋತುಬಿದ್ದ ಕೇಬಲ್ಲನ್ನು ಕಿತ್ತರೆ ಅದು ನೇರ ಕಡಿತ, ಎಲ್ಲರಿಗೂ ಕಾಣುತ್ತದೆ. ಕೀಳದೆ ಎಳೆದು ಬಿಟ್ಟಾಗ ಜಾಯಿಂಟ್ ಪೆಟ್ಟಿಗೆಯೊಳಗಿನ ಎಳೆ ಬಿಗಿಯಾಗಿ, ಗಾಳಿಗೊಮ್ಮೆ ಬಿಸಿಲಿಗೊಮ್ಮೆ ಸಂಪರ್ಕ ಹೋಗಿ ಬರುತ್ತದೆ. ತಿಂಗಳುಗಟ್ಟಲೆ ಪತ್ತೆಯಾಗದ ದೋಷಗಳು ಇಂಥವೇ. ನಲ್ಲಿ ಪೈಪಿಗೆಂದು ಜೆಸಿಬಿ ಅಗೆದ ರಸ್ತೆಯಲ್ಲೂ ಇದೇ ಪಾಡು.

ಜಿಪಾನ್‌ನಲ್ಲಿ ಮನೆಗಳ ಬಾಕ್ಸುಗಳು ಸರದಿಯ ಮೇಲೆ ಮೇಲ್ಮುಖ ಬೆಳಕು ಬಿಡುತ್ತವೆ. ಒಂದು ಬಾಕ್ಸಿನ ಲೇಸರ್ ಕೆಟ್ಟು ಸರದಿ ಮೀರಿ ಉರಿಯತೊಡಗಿದರೆ ಆ ಸ್ಪ್ಲಿಟರಿನ ಎಲ್ಲ ಮನೆಗಳಿಗೂ ತೊಂದರೆ. ಹಾಗಾಗಿ ಪಕ್ಕದ ಮನೆಯವರನ್ನು ‘ನಿಮ್ಮಲ್ಲೂ ನೆಟ್ ಹೋಯ್ತಾ?’ ಎಂದು ಕೇಳುವುದು ತಾಂತ್ರಿಕ ಪರೀಕ್ಷೆಯೇ. ಫೈಬರಿನ ತುದಿಯನ್ನು ಮಾತ್ರ ಕಣ್ಣಿಟ್ಟು ನೋಡಬಾರದು. ಆ ಬೆಳಕು ಕಾಣುವಂಥದ್ದಲ್ಲ, ಕಣ್ಣಿಗೆ ಒಳ್ಳೆಯದೂ ಅಲ್ಲ.

ಕರೆಂಟು, ಸಿಡಿಲು

ಈ ತಾಲ್ಲೂಕುಗಳಿಗೆ ವಿದ್ಯುತ್ ಕೊಡುವುದು ಮೈಸೂರು ಕೇಂದ್ರವಾಗಿರುವ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಮನೆಯಲ್ಲಿ ಯುಪಿಎಸ್ ಇದ್ದರೂ ಕರೆಂಟ್ ಹೋದಾಗ ನೆಟ್ ಹೋಗುತ್ತದೆ ಎಂಬ ದೂರು ಹಳ್ಳಿಗಳಲ್ಲಿ ಸಾಮಾನ್ಯ. ಕೇಬಲ್‌ನವರ ಕೆಲವು ಜಾಲಗಳಲ್ಲಿ ದಾರಿಯ ನೆಟ್‌ವರ್ಕ್ ಸ್ವಿಚ್ಚಿಗೆ ಯಾವುದೋ ಅಂಗಡಿಯ ಅಥವಾ ಮನೆಯ ಪ್ಲಗ್ಗಿನಿಂದ ಕರೆಂಟ್ ಕೊಟ್ಟಿರುತ್ತಾರೆ. ಅಲ್ಲಿ ಬ್ಯಾಟರಿ ಇಲ್ಲದಿದ್ದರೆ ಇಡೀ ಬೀದಿ ಕಡಿಯುತ್ತದೆ. ಮನೆಯ ಮಟ್ಟಿಗೆ 12 ವೋಲ್ಟಿನ ಪುಟ್ಟ ರೂಟರ್ ಯುಪಿಎಸ್ ಸಾಕಾಗುತ್ತದೆ. ಹಳೆಯ ಅಡಾಪ್ಟರ್ ಬಲಗುಂದಿದಾಗಲೂ ದೀಪಗಳೆಲ್ಲ ಉರಿಯುತ್ತಲೇ ಇರುತ್ತವೆ, ಹೊರೆ ಬಿದ್ದಾಗ ಮಾತ್ರ ಬಾಕ್ಸ್ ಮರುಚಾಲನೆಯಾಗುತ್ತದೆ. ಅಷ್ಟೇ ವೋಲ್ಟಿನ, ಅಷ್ಟೇ ಅಥವಾ ಹೆಚ್ಚು ಆಂಪಿಯರಿನ ಇನ್ನೊಂದನ್ನು ಹಾಕಿ ನೋಡುವುದು ಅಗ್ಗದ ಪರೀಕ್ಷೆ.

ಭರಣಿ, ಕೃತ್ತಿಕೆ ಮಳೆಗಳ ಗುಡುಗು ಸಿಡಿಲು ಲ್ಯಾನ್ ಪೋರ್ಟಿನ ಮೊದಲ ಶತ್ರು. ಗಾಜಿಗೆ ವಿದ್ಯುತ್ ಹರಿಯುವುದಿಲ್ಲವಾದರೂ ಡ್ರಾಪ್ ವೈರಿನ ಜೊತೆ ಆಧಾರಕ್ಕೆ ಉಕ್ಕಿನ ತಂತಿ ಇರುತ್ತದೆ. ಅದನ್ನು ಗೋಡೆಯ ಹೊರಗೇ ಕತ್ತರಿಸಿ ಕಟ್ಟಿ, ಒಳಗೆ ಬರೀ ಎಳೆ ತರಬೇಕು. ಹತ್ತಿರದಲ್ಲಿ ಸಿಡಿಲು ಬಿದ್ದ ಮೇಲೆ ಪೋರ್ಟು ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುವುದುಂಟು. ಕೇಬಲ್ಲನ್ನು ರೂಟರಿನ ಪಕ್ಕದ ಪೋರ್ಟಿಗೆ ಬದಲಿಸಿದೊಡನೆ ಸರಿಯಾದರೆ ಕಾರಣ ಅದೇ. ಭೂಸಂಪರ್ಕವಿಲ್ಲದ ಎರಡು ಕಾಲಿನ ಪ್ಲಗ್ಗಿನಲ್ಲಿ ಸರ್ಜ್ ಪಟ್ಟಿ ಇಟ್ಟು ಉಪಯೋಗವಿಲ್ಲ.

ದೂರು

ದೋಷ ರೂಟರಿನಿಂದಾಚೆ ಎಂದು ಖಚಿತವಾದರೆ ಕಡಿತದ ದಿನಾಂಕ, ವೇಳೆ, ಡಿಬಿಎಂ ಅಂಕಿ ಮತ್ತು ಕೆಂಪು ದೀಪದ ಫೋಟೊ ಇಟ್ಟುಕೊಂಡು ದೂರು ಕೊಡಬೇಕು. ಲೈನ್‌ಮನ್‌ಗೆ ಫೋನ್ ಮಾಡಿದರೆ ಬೇಗ ಬರುತ್ತಾರೆ, ನಿಜ. ಆದರೆ ಅದು ಎಲ್ಲೂ ದಾಖಲಾಗುವುದಿಲ್ಲ. ಗ್ರಾಹಕ ಸೇವೆಯಲ್ಲಿ ನೋಂದಾಯಿಸಿ ದೂರು ಸಂಖ್ಯೆ ಪಡೆದೇ ಆ ಫೋನ್ ಮಾಡುವುದು ಜಾಣತನ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2006ರ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ದೋಷಗಳು ಮಾರನೆಯ ಕೆಲಸದ ದಿನದೊಳಗೆ ಸರಿಯಾಗಬೇಕು ಎಂದಿದ್ದವು. 2024ರಲ್ಲಿ ಹೊಸ ನಿಯಮಗಳು ಅವುಗಳ ಜಾಗಕ್ಕೆ ಬಂದವು. ದೂರು ಬಗೆಹರಿಯದಿದ್ದರೆ 2012ರ ನಿಯಮಗಳ ಪ್ರಕಾರ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಇದಕ್ಕೆ ಶುಲ್ಕವಿಲ್ಲ, 39 ದಿನದೊಳಗೆ ತೀರ್ಮಾನ ಕೊಡಬೇಕು. ಮೇಲ್ಮನವಿಯಲ್ಲೂ ಮೊದಲು ಕೇಳುವುದು ದೂರು ಸಂಖ್ಯೆಯನ್ನೇ.